ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ಪಂಡಿತಾ ರಮಾಬಾಯಿ

ನಾವು ಓದುತ್ತಿದ್ದಾಗ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆ ಖಂಡಿತ ಇರುತ್ತಿತ್ತು. ಎಡಗಡೆ ರಾಜಾರಾಮ ಮೋಹನರಾಯರು, ದಯಾನಂದ ಸರಸ್ವತಿ, ಜ್ಯೋತಿಬಾ ಫುಲೆ, ಪಂಡಿತಾ ರಮಾಬಾಯಿ. ಬಲಗಡೆ ಬ್ರಹ್ಮ ಸಮಾಜ, ಆರ್ಯ ಸಮಾಜ, ಸತ್ಯಶೋಧಕ ಸಮಾಜ, ಶಾರದಾ ಸದನ. ಸರಿಯಾಗಿ ಹೊಂದಿಸಿದರೆ ಅಂಕ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, ಆ ಪಟ್ಟಿಯ ಕೊನೆಯ ಹೆಸರಿನವರು ಹುಟ್ಟಿದ್ದು ನಮ್ಮ ಘಟ್ಟದ ಕಾಡಿನಲ್ಲೇ ಎಂದು ಓದಿದೆ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯ ಹಿರಿಯರು ಹೇಳಿದಾಗ, ಶಾಲೆಯ ದಿನಗಳ ನೆನಪು ಬರೆಯಲು ನನಗಿಂತ ಚೆನ್ನಾಗಿ ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ನಾನು ರಮಾಬಾಯಿಯವರ ಬಗ್ಗೆ ಬರೆಯುತ್ತೇನೆ ಎಂದೆ. ಅವರೂ ಒಪ್ಪಿದರು.

ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ನಮ್ಮ ಕಡೆಯವರಿಗೆ ಗೊತ್ತಿರುವ ಜಾಗವೇ. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಮನೆತನದವರು. ತಾಯಿ ಲಕ್ಷ್ಮೀಬಾಯಿ. ಕಾಡಿನಲ್ಲಿ ಆ ಕುಟುಂಬ ಯಾಕೆ ಇತ್ತು ಎಂಬುದೇ ಒಂದು ಕಥೆ.

ಅನಂತ ಶಾಸ್ತ್ರಿಗಳು ಹುಡುಗರಾಗಿದ್ದಾಗ ಪುಣೆಗೆ ಹೋಗಿ ರಾಮಚಂದ್ರ ಶಾಸ್ತ್ರಿಗಳೆಂಬ ಪಂಡಿತರ ಹತ್ತಿರ ಸಂಸ್ಕೃತ ಓದಿದರು. ಆ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೂ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬರು ಸಂಸ್ಕೃತ ಶ್ಲೋಕ ಹೇಳುವುದನ್ನು ಶಿಷ್ಯ ಅಲ್ಲಿ ಮೊದಲ ಬಾರಿ ಕೇಳಿದ. ಅರಮನೆಯಲ್ಲಿ ಆಗುವುದು ನಮ್ಮ ಮನೆಯಲ್ಲಿ ಯಾಕೆ ಆಗಬಾರದು ಎಂದು ಊರಿಗೆ ಬಂದು ಹೆಂಡತಿಗೆ ಪಾಠ ಶುರುಮಾಡಿದರೆ, ಆಕೆಗೂ ಇಷ್ಟವಿಲ್ಲ, ಮನೆಯ ಹಿರಿಯರಿಗೂ ಇಷ್ಟವಿಲ್ಲ. ಪಾಠ ನಿಂತಿತು. ಆ ಹೆಂಡತಿ ತೀರಿಕೊಂಡ ಮೇಲೆ ತೀರ್ಥಯಾತ್ರೆ ಹೋದಾಗ, ಗೋದಾವರಿ ದಡದ ಪೈಠಣದಲ್ಲಿ ಒಬ್ಬ ಬ್ರಾಹ್ಮಣ ಯಾತ್ರಿಕರ ಪರಿಚಯವಾಯಿತು. ಅವರು ತಮ್ಮ 9 ವರ್ಷದ ಮಗಳನ್ನು, ಹೆಚ್ಚೇನೂ ವಿಚಾರಿಸದೆ, ಮರುದಿನವೇ ಇವರಿಗೆ ಧಾರೆ ಎರೆದುಕೊಟ್ಟರು. ಶಾಸ್ತ್ರಿಗಳಿಗೆ ಆಗ 40 ದಾಟಿತ್ತು. ಇಂದು ಓದುವಾಗ ಮೈ ಜುಮ್ಮೆನ್ನುತ್ತದೆ. ಆ ಹುಡುಗಿಯೇ ಲಕ್ಷ್ಮೀಬಾಯಿ. ಹೀಗೆ ಮದುವೆಯಾದ ಮಗುವಿಗೇ ಶಾಸ್ತ್ರಿಗಳು ಅಕ್ಷರದಿಂದ ಆರಂಭಿಸಿ ಪುರಾಣದವರೆಗೆ ಕಲಿಸಿದರು. ಆ ಕಾಲದ ಕೆಟ್ಟದ್ದೂ ಒಳ್ಳೆಯದೂ ಒಂದೇ ಮನೆಯಲ್ಲಿ ಹೀಗೆ ಸೇರಿಕೊಂಡಿದ್ದವು.

ಊರಿನಲ್ಲಿ ಗಲಾಟೆ ಎದ್ದಿತು. ಹೆಂಗಸಿಗೆ ದೇವಭಾಷೆ ಕಲಿಸುವುದು ಧರ್ಮಕ್ಕೆ ವಿರುದ್ಧ ಎಂದು ಮಾತಾಗಿ, ಕೊನೆಗೆ ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ಶಾಸ್ತ್ರಿಗಳು ನಿಂತು ಉತ್ತರ ಕೊಡಬೇಕಾಯಿತು. ಅವರು ಶಾಸ್ತ್ರಗಳಿಂದಲೇ ಆಧಾರ ತೆಗೆದು ತೋರಿಸಿದ್ದರಿಂದ ಬಹಿಷ್ಕಾರ ಹಾಕಲಿಲ್ಲ. ಆದರೂ ಊರಿನ ನಡುವೆ ನೆಮ್ಮದಿಯಿಂದ ಪಾಠ ಹೇಳುವಂತಿರಲಿಲ್ಲ. ಅದಕ್ಕೇ ಗಂಗಾಮೂಲ. ಅಲ್ಲಿ ಗುಡಿಸಲು ಕಟ್ಟುವ ಮುಂಚಿನ ಮೊದಲ ರಾತ್ರಿ ತಲೆಯ ಮೇಲೆ ಸೂರಿರಲಿಲ್ಲ. ಹುಲಿಯ ಕೂಗು ಕೇಳಿ ಎಳೆಯ ಹೆಂಡತಿ ಹತ್ತಿಯ ಕೌದಿಯನ್ನು ಮೈತುಂಬ ಸುತ್ತಿಕೊಂಡು ನೆಲದ ಮೇಲೆ ನಡುಗುತ್ತಾ ಮಲಗಿದ್ದರಂತೆ, ಗಂಡ ಬೆಳಗಾಗುವವರೆಗೆ ಕಾವಲು ಕೂತಿದ್ದರಂತೆ. ಒಬ್ಬ ಹೆಂಗಸಿಗೆ ಓದು ಕಲಿಸಬೇಕೆಂದರೆ ಊರು ಬಿಟ್ಟು ಹುಲಿ ಇರುವ ಕಾಡಿಗೆ ಹೋಗಬೇಕಾಗಿತ್ತು. ನಾನು ರಮಾಬಾಯಿಯವರ ಜೀವನವನ್ನು ಓದುವುದು ಇಲ್ಲಿಂದ. ಮುಂದೆ ಅವರು ಕಟ್ಟಿದ ಸಂಸ್ಥೆಗಳ ಹೆಸರು ಗಮನಿಸಿ: ಶಾರದಾ ಸದನ, ಮುಕ್ತಿ ಸದನ, ಕೃಪಾ ಸದನ, ಪ್ರೀತಿ ಸದನ, ಶಾಂತಿ ಸದನ. ಯಾವುದಕ್ಕೂ ಶಾಲೆ ಎಂದು ಹೆಸರಿಲ್ಲ. ಎಲ್ಲವೂ ಮನೆಗಳೇ.

ಕಾಡಿನ ಆಶ್ರಮಕ್ಕೆ ವಿದ್ಯಾರ್ಥಿಗಳು ಬಂದರು, ಯಾತ್ರಿಕರೂ ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಇದ್ದ ಆಸ್ತಿ ಕರಗಿತು. ರಮಾಬಾಯಿಗೆ 6 ತಿಂಗಳಾದಾಗ ಕುಟುಂಬ ಗಂಗಾಮೂಲ ಬಿಟ್ಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಅಂದಿನಿಂದ ಸುಮಾರು 20 ವರ್ಷ ಅವರಿಗೆ ಸ್ವಂತ ಮನೆ ಎಂಬುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಕಾಸು ತೆಗೆದುಕೊಳ್ಳುವುದು, ಮತ್ತೆ ನಡೆಯುವುದು.

ತಂದೆಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಹಾಗಾಗಿ ರಮಾಬಾಯಿಗೆ ಪಾಠ ಹೇಳಿದ್ದು ತಾಯಿ. ಹಗಲೆಲ್ಲ ಕೆಲಸ, ನಡಿಗೆ. ಬಿಡುವು ಸಿಗುವುದು ನಸುಕಿನಲ್ಲಿ ಮಾತ್ರ. ನಿದ್ದೆಗಣ್ಣಿನ ಮಗಳನ್ನು ಮುದ್ದುಮಾಡಿ ಎಬ್ಬಿಸಿ, ಪುಸ್ತಕವಿಲ್ಲದೆ, ಬಾಯಿಯಿಂದ ಬಾಯಿಗೆ ಲಕ್ಷ್ಮೀಬಾಯಿ ಶ್ಲೋಕ ಹೇಳಿಕೊಟ್ಟರು. 12 ವರ್ಷ ತುಂಬುವಾಗ ಹುಡುಗಿಗೆ ಪುರಾಣದ 18,000 ಶ್ಲೋಕ ಬಾಯಿಗೆ ಬರುತ್ತಿತ್ತೆಂದು ಹೇಳುತ್ತಾರೆ. ಕಂಪ್ಯೂಟರಿನ ಪಾಸ್‌ವರ್ಡ್ ಮೂರು ತಿಂಗಳಿಗೊಮ್ಮೆ ಮರೆಯುವ ನನ್ನಂಥವರು ಇದನ್ನು ಓದಿ ಸುಮ್ಮನಿರುವುದು ಲೇಸು. ಅಕ್ಕ ಕೃಷ್ಣಾಬಾಯಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಿ ಅದು ಕೆಟ್ಟಿದ್ದರಿಂದ, ತಂದೆ ಕಿರಿಯ ಮಗಳ ಮದುವೆಯ ಮಾತೇ ಎತ್ತಲಿಲ್ಲ. ಆ ಕಾಲದಲ್ಲಿ ಇದೂ ದೊಡ್ಡ ಅಪರಾಧವೇ.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರಗಾಲ ಬಂತು. ಕೇಳುವವರಿಗೇ ಅನ್ನವಿಲ್ಲದಾಗ ಪುರಾಣ ಹೇಳುವವರಿಗೆ ಎಲ್ಲಿಂದ ಬರಬೇಕು? ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಿ ಗೊತ್ತಿಲ್ಲ. ಒಡವೆ, ಪಾತ್ರೆ, ಕೊನೆಗೆ ಬಟ್ಟೆಯನ್ನೂ ಮಾರಿದರು. ಕಾಡಿನಲ್ಲಿ ಎಲೆ, ಈಚಲ ಹಣ್ಣು ತಿಂದು, ನೀರು ಕುಡಿದು ದಿನ ಕಳೆದರು. 1874ರಲ್ಲಿ ತಂದೆ ಹೋದರು, ಸ್ವಲ್ಪ ದಿನಕ್ಕೇ ತಾಯಿ, ಆಮೇಲೆ ಅಕ್ಕ. ತಾಯಿಯ ಶವ ಹೊರಲು ಜನ ಸಿಗಲಿಲ್ಲ. ಹೇಗೋ ಇಬ್ಬರು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯ ಹೆಗಲು ಮಗಳದ್ದು. ಎತ್ತರ ಸಾಲದೆ ಆಕೆ ಚಟ್ಟದ ತುದಿಯನ್ನು ತಲೆಯ ಮೇಲೆ ಇಟ್ಟುಕೊಂಡು ಸ್ಮಶಾನದವರೆಗೆ ಹೊತ್ತರು.

ಉಳಿದ ಅಣ್ಣ ತಂಗಿ ನಡೆದೇ ನಡೆದರು. ಕಾಶ್ಮೀರದವರೆಗೂ ಹೋದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಎರಡು ಗುಂಡಿ ತೋಡಿ, ಒಳಗಿಳಿದು, ಮೈಮೇಲೆ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು. 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿ ಬದುಕು ಒಮ್ಮೆಲೇ ತಿರುಗಿತು. ಇಪ್ಪತ್ತು ವರ್ಷದ, ಮದುವೆಯಾಗದ ಹೆಂಗಸು ನಿರರ್ಗಳವಾಗಿ ಸಂಸ್ಕೃತ ಮಾತನಾಡುವುದನ್ನು ಕೇಳಿದ ಪಂಡಿತರು ಪರೀಕ್ಷೆ ಮಾಡಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಒಂದು ಪ್ರತಿಯನ್ನೇ ಕೈಗಿತ್ತರು. ಹೆಂಗಸರು ವೇದ ಮುಟ್ಟಬಾರದೆಂದು ನಂಬಿಕೊಂಡೇ ಬೆಳೆದಿದ್ದ ರಮಾಬಾಯಿ ಮೊದಲು ಹಿಂಜರಿದರು, ಆಮೇಲೆ ಓದಿದರು. ಶಾಸ್ತ್ರಗಳಲ್ಲಿ ಹೆಂಗಸರ ಬಗ್ಗೆ, ಕೆಳಜಾತಿಗಳ ಬಗ್ಗೆ ಏನೇನಿದೆ ಎಂದು ಹುಡುಕುತ್ತಾ ಹೋದಂತೆ ಚಿಕ್ಕಂದಿನ ನಂಬಿಕೆ ಸಡಿಲವಾಯಿತು. ಬಿರುದು ಕೊಟ್ಟವರ ನಡುವೆಯೇ ಅವರಿಗೆ ಪ್ರಶ್ನೆಗಳು ಹುಟ್ಟಿದವು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಅಣ್ಣನ ಗೆಳೆಯರಾಗಿದ್ದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ರಮಾಬಾಯಿ ಮದುವೆಯಾದರು. ಅವರು ಬಂಗಾಳದವರು, ಬ್ರಾಹ್ಮಣರಲ್ಲ. ಪುರೋಹಿತರಿಲ್ಲದೆ, ಕಾನೂನಿನ ಪ್ರಕಾರ ರಿಜಿಸ್ಟರ್ ಮಾಡಿಸಿದ ಮದುವೆ. ಎರಡೂ ಕಡೆಯ ನೆಂಟರು ದೂರವಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ರಮಾಬಾಯಿಯವರ ಪಾಲಿಗೆ ಅದು ಮೊದಲ ಸ್ವಂತ ಮನೆ. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ ಹುಟ್ಟಿದಳು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿ ಅದನ್ನೂ ಓದತೊಡಗಿದ್ದರು. ಬಾಲವಿಧವೆಯರಿಗಾಗಿ ಒಂದು ಶಾಲೆ ತೆಗೆಯಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. 1882ರ ಫೆಬ್ರುವರಿಯಲ್ಲಿ ಬಿಪಿನ್ ಬಿಹಾರಿ ಕಾಲರಾ ಬಂದು ತೀರಿಕೊಂಡರು. ಸಂಸಾರ ನಡೆದದ್ದು ಎರಡು ವರ್ಷವೂ ಅಲ್ಲ. ರಮಾಬಾಯಿಯವರಿಗೆ 23 ವರ್ಷ, ಕಂಕುಳಲ್ಲಿ ವರ್ಷ ತುಂಬದ ಮಗು, ಮತ್ತೆ ಮನೆಯಿಲ್ಲ.

ಆ ಕಾಲದ ವಿಧವೆ ಎಂದರೆ ಏನೆಂದು ನಮ್ಮ ಊರಿನ ಅಜ್ಜಿಯಂದಿರಿಗೆ ಹೇಳಬೇಕಾಗಿಲ್ಲ. ರಮಾಬಾಯಿ ಮೂಲೆ ಸೇರಲಿಲ್ಲ. ಪುಣೆಗೆ ಬಂದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ, ಅವರ ಪತ್ನಿ ರಮಾಬಾಯಿ ರಾನಡೆ ಮುಂತಾದವರ ಬೆಂಬಲದಿಂದ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ 1882ರಲ್ಲಿ ಹಂಟರ್ ಶಿಕ್ಷಣ ಆಯೋಗ ಬಂದಾಗ ಅದರ ಮುಂದೆ ಸಾಕ್ಷಿ ಹೇಳಿದರು. ಹುಡುಗಿಯರ ಶಾಲೆಗೆ ಶಿಕ್ಷಕಿಯರು ಬೇಕು, ತಪಾಸಣೆಗೆ ಹೆಂಗಸರೇ ಬೇಕು, ಹೆಂಗಸರಿಗೆ ವೈದ್ಯಶಿಕ್ಷಣದ ಬಾಗಿಲು ತೆರೆಯಬೇಕು, ಗಂಡಸು ವೈದ್ಯನ ಮುಂದೆ ಹೋಗಲಾರದೆ ಎಷ್ಟೋ ಹೆಂಗಸರು ಸುಮ್ಮನೆ ಸಾಯುತ್ತಿದ್ದಾರೆ ಎಂದು ಅವರು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆ ಹುಟ್ಟಿತು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರ ಮಾರಾಟದಿಂದ ಬಂದ ಹಣದಲ್ಲಿ 1883ರಲ್ಲಿ ಮಗಳ ಜೊತೆ ಇಂಗ್ಲೆಂಡಿನ ಹಡಗು ಹತ್ತಿದರು.

ವಾಂಟೇಜ್ ಎಂಬ ಊರಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು. ಭಾರತಕ್ಕೆ ಬರಲಿದ್ದ ಸನ್ಯಾಸಿನಿಯರಿಗೆ ಮರಾಠಿ ಕಲಿಸಿ, ಬದಲಿಗೆ ಇಂಗ್ಲಿಷ್ ಕಲಿತರು. ವೈದ್ಯಕೀಯದ ಕನಸು ಅಲ್ಲಿಗೇ ಮುಗಿಯಿತು. ಕಿವಿ ಸರಿಯಾಗಿ ಕೇಳದವರಿಗೆ ಆ ವಿದ್ಯೆ ಆಗದು ಎಂದರು, ರಮಾಬಾಯಿಯವರ ಕಿವಿ ಆಗಲೇ ಮಂದವಾಗುತ್ತಿತ್ತು. ಅಲ್ಲಿ ಅವರ ಮನಸ್ಸನ್ನು ತಿರುಗಿಸಿದ್ದು ಬೇರೊಂದು. ಲಂಡನ್ನಿನ ಫುಲಮ್‌ನಲ್ಲಿ ಅದೇ ಮಠದವರು ನಡೆಸುತ್ತಿದ್ದ ಒಂದು ಮನೆಗೆ ಅವರನ್ನು ಕರೆದುಕೊಂಡು ಹೋದರು. ದಾರಿ ತಪ್ಪಿದವರೆಂದು ಲೋಕ ಹೊರಗೆ ಹಾಕಿದ ಹೆಂಗಸರು ಅಲ್ಲಿದ್ದರು. ಯಾರೂ ಅವರನ್ನು ಬೈಯುತ್ತಿರಲಿಲ್ಲ. ಕೆಲಸ ಕಲಿಸಿ, ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಅಂಥ ಹೆಂಗಸಿಗೂ ಒಂದು ಮನೆ ಇರಬಹುದು ಎಂಬುದನ್ನು ರಮಾಬಾಯಿ ಕಣ್ಣಾರೆ ನೋಡಿದ್ದು ಅದೇ ಮೊದಲು. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಸನ್ಯಾಸಿನಿಯರು ಯೇಸು ಸಮಾರ್ಯದ ಹೆಂಗಸಿನ ಜೊತೆ ಬಾವಿಯ ಬಳಿ ಮಾತಾಡಿದ ಕಥೆ ಓದಿ ಹೇಳಿದರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಈ ಸುದ್ದಿ ಪುಣೆಯಲ್ಲಿ ಸಿಡಿಲಿನಂತೆ ಬಿತ್ತು. ಸಂಸ್ಕೃತದ ಪಂಡಿತೆ ಕ್ರೈಸ್ತಳಾದಳು ಎಂದು ಹೊಗಳಿದವರೇ ಬೈದರು. ಇತ್ತ ಇಂಗ್ಲೆಂಡಿನವರಿಗೂ ಅವರು ಸುಲಭದ ಶಿಷ್ಯೆಯಾಗಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಆಶ್ರಯದಲ್ಲಿ ಓದುತ್ತಾ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂತು. ಅದು ತಕ್ಕದ್ದಲ್ಲ, ಭಾರತದಲ್ಲಿ ತಪ್ಪು ತಿಳಿಯುತ್ತಾರೆ ಎಂದು ಪಾದ್ರಿ ಹಿರಿಯರು ಅಡ್ಡ ಬಂದರು. ತಂದೆ ತಾಯಿ ಊರನ್ನೇ ಎದುರು ಹಾಕಿಕೊಂಡು ಕಲಿಸಿದವಳಿಗೆ ಈ ಮಾತು ಹೇಗೆ ಹಿಡಿಸೀತು? ಗಂಡಸರ ಸಭೆಗಳಲ್ಲಿ ತಾನು ಊರೂರು ಪುರಾಣ ಹೇಳಿದವಳು ಎಂದು ಖಾರವಾಗಿಯೇ ಉತ್ತರ ಬರೆದರು. ಧರ್ಮದ ಸೂಕ್ಷ್ಮ ತತ್ವಗಳಲ್ಲೂ ಅಷ್ಟೇ, ತನಗೆ ಮನದಟ್ಟಾಗದ್ದನ್ನು ಒಪ್ಪಿಕೊಳ್ಳಲಿಲ್ಲ. ನಂಬಿಕೆ ಬದಲಾಯಿತು, ಪ್ರಶ್ನೆ ಕೇಳುವ ಗುಣ ಹಾಗೇ ಉಳಿಯಿತು.

1886ರಲ್ಲಿ ಅಮೆರಿಕಕ್ಕೆ ಹೋದರು. ದೂರದ ನೆಂಟರಾದ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಹೊರಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ಪುಟ್ಟ ಮನೋರಮಾಳನ್ನು ಇಂಗ್ಲೆಂಡಿನ ಸನ್ಯಾಸಿನಿಯರ ಬಳಿಗೆ ಮರಳಿ ಕಳಿಸಿ, ತಾನು ಊರೂರು ತಿರುಗಿ ಭಾಷಣ ಮಾಡಿದರು. ನೂರಾರು ಮಕ್ಕಳಿಗೆ ತಾಯಿಯಾಗಲು ಹೊರಟವರು ತಮ್ಮ ಒಬ್ಬಳೇ ಮಗಳನ್ನು ಐದಾರು ವರ್ಷದ ವಯಸ್ಸಿನಲ್ಲಿ ಬಿಟ್ಟಿರಬೇಕಾಯಿತು. ಅವಳಿಗೆ ಕಾಗದ ಬರೆಯುತ್ತಲೇ ಇದ್ದರು. ಇದನ್ನು ತ್ಯಾಗ ಎಂದು ಸುಲಭವಾಗಿ ಹೊಗಳಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಆ ಮಗುವಿಗೆ ಹೇಗಾಗಿರಬಹುದು ಎಂಬ ಯೋಚನೆಯೂ ಬರುತ್ತದೆ.

1887ರಲ್ಲಿ ಉಚ್ಚ ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿಸಿದರು. ಸಾವಿರಾರು ಪ್ರತಿ ಖರ್ಚಾದವು. ಅದೇ ವರ್ಷ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿ, ವಿಧವೆಯರ ಶಾಲೆಗೆ 10 ವರ್ಷ ಹಣ ಕೊಡುವುದಾಗಿ ಒಪ್ಪಿಕೊಂಡಿತು. ಶಾಲೆಯಲ್ಲಿ ಮತಬೋಧನೆ ಇರಬಾರದು ಎಂಬುದು ಕರಾರು. ಹಣ ಕೂಡಿಸುವುದರ ಜೊತೆಗೆ ರಮಾಬಾಯಿ ತಾವೂ ವಿದ್ಯಾರ್ಥಿಯಾಗಿ ಫ್ರೋಬೆಲ್ಲರ ಶಿಶುವಿಹಾರ ಪದ್ಧತಿಯನ್ನು ಕಲಿತರು. ಆಟದಿಂದ, ಕೈಕೆಲಸದಿಂದ ಮಕ್ಕಳು ಕಲಿಯಬೇಕೆಂಬ ಆ ಪದ್ಧತಿಯನ್ನು ತಮ್ಮ ಶಾಲೆಗೆ ತಂದರು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನ ತೆರೆಯಿತು. ಮೊದಲ ದಿನ ಇಬ್ಬರೇ ವಿದ್ಯಾರ್ಥಿನಿಯರು. ಒಬ್ಬಳು ಶಾರದಾ ಎಂಬ ಹುಡುಗಿ. ಇನ್ನೊಬ್ಬಳು ಗೋದುಬಾಯಿ, ಎಂಟನೇ ವರ್ಷಕ್ಕೇ ವಿಧವೆಯಾಗಿ ತಲೆ ಬೋಳಿಸಿಕೊಂಡು ಕೊಂಕಣದ ಹಳ್ಳಿಯಲ್ಲಿದ್ದವಳು, ಅಣ್ಣ ಕರೆತಂದು ಬಿಟ್ಟಿದ್ದ. ಇಲ್ಲಿ ಓದುವುದಷ್ಟೇ ಅಲ್ಲ, ಉಳಿಯುವುದು, ಉಣ್ಣುವುದು, ಕಾಯಿಲೆಯಾದರೆ ಆರೈಕೆ, ಎಲ್ಲವೂ ಇತ್ತು. ಹುಡುಗಿಯರ ಜಾತಿಯ ಮಡಿಗೆ ತೊಂದರೆಯಾಗದಂತೆ ಬ್ರಾಹ್ಮಣ ಅಡುಗೆಯವರನ್ನು ಇಟ್ಟಿದ್ದರು. ರಮಾಬಾಯಿ ತಾವೂ ಮಾಂಸ ಮುಟ್ಟುತ್ತಿರಲಿಲ್ಲ, ಬಿಳಿಯ ಸೀರೆಯನ್ನೇ ಉಡುತ್ತಿದ್ದರು. ಅದೇ ವರ್ಷ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಪ್ರತಿನಿಧಿಗಳಾಗಿ ಬಂದ ಕೆಲವೇ ಹೆಂಗಸರಲ್ಲಿ ಅವರೂ ಒಬ್ಬರು.

ಈ ಉಳಿಯುವ ವ್ಯವಸ್ಥೆಯ ಬೆಲೆ ನಮ್ಮ ಶಾಲೆಯವರಿಗೆ ಬೇಗ ಅರ್ಥವಾದೀತು. ನಮ್ಮ ತರಗತಿಯಲ್ಲಿ ನನಗಿಂತ ಜಾಣೆಯರಾದ ಹುಡುಗಿಯರಿದ್ದರು. ಕಾಡಂಚಿನ ಮನೆಗಳಿಂದ ಮಳೆಗಾಲದಲ್ಲಿ ಹಳ್ಳ ದಾಟಿ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಕಾಲೇಜು ಇರುವುದು ತಾಲ್ಲೂಕು ಕೇಂದ್ರದಲ್ಲಿ, ಬಸ್ಸು ಸಂಜೆ ತಡ, ಹಾಸ್ಟೆಲಿನಲ್ಲಿ ಸೀಟಿಲ್ಲ, ಮಗಳನ್ನು ಎಲ್ಲಿ ಬಿಡುವುದು ಎಂದು ಮನೆಯವರು ಕೇಳಿದರು. ಫೀಸು ಅಡ್ಡಿಯಾಗಲಿಲ್ಲ, ಅಂಕ ಅಡ್ಡಿಯಾಗಲಿಲ್ಲ. ನಾನು ಪೇಟೆಯಲ್ಲಿ ರೂಮು ಮಾಡಿಕೊಂಡು ಓದಿದೆ, ಗಂಡುಹುಡುಗ ಎಂದು ಯಾರೂ ಏನೂ ಕೇಳಲಿಲ್ಲ.

ಖರ್ಚು ಕಡಿಮೆಯಾಗಲೆಂದು 1890ರಲ್ಲಿ ಸದನವನ್ನು ಪುಣೆಗೆ ಸಾಗಿಸಿದರು. ಅಲ್ಲಿ ದೊಡ್ಡ ಬಿರುಗಾಳಿ ಕಾದಿತ್ತು. ರಮಾಬಾಯಿ ದಿನವೂ ತಮ್ಮ ಕೋಣೆಯಲ್ಲಿ ಮಗಳ ಜೊತೆ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ತಾಯಿಯ ಹತ್ತಿರ ಬಂದಂತೆ ಕೆಲವು ಹುಡುಗಿಯರು ಒಳಗೆ ಬಂದು ಕೂರುತ್ತಿದ್ದರು. ಇದು ಹೊರಗೆ ಗೊತ್ತಾಗಿ, ಮತಾಂತರ ನಡೆಯುತ್ತಿದೆ ಎಂದು ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮುಂತಾದ ಸಲಹಾ ಸಮಿತಿಯ ಹಿರಿಯರು ರಾಜೀನಾಮೆ ಕೊಟ್ಟರು. 25ರಷ್ಟು ಹುಡುಗಿಯರನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡಿ ಎಂದು ಸಲಹೆ ಕೊಟ್ಟವರಿದ್ದರು. ತಾನು ನಂಬಿದ್ದನ್ನು ಬಚ್ಚಿಡುವುದಿಲ್ಲ, ಯಾರನ್ನೂ ಕರೆಯುವುದೂ ಇಲ್ಲ, ಬಂದವರನ್ನು ಅಟ್ಟುವುದೂ ಇಲ್ಲ ಎಂಬ ನಿಲುವಿಗೆ ಅವರು ಅಂಟಿಕೊಂಡರು.

ಇದರಲ್ಲಿ ಯಾರು ಸರಿ ಎಂದು ನಮ್ಮೂರ ಕಟ್ಟೆಯ ಮೇಲೆ ಇಂದು ಕೇಳಿದರೂ ಎರಡು ಪಕ್ಷ ಆಗುತ್ತದೆ. ಮತಬೋಧನೆ ಇಲ್ಲ ಎಂಬ ಮಾತನ್ನು ನಂಬಿ ಮಗಳನ್ನು ಕಳಿಸಿದ ತಂದೆಯ ಸಿಟ್ಟು ಸುಳ್ಳಲ್ಲ. ಮುಂದೆ ಕೆಲವು ಹುಡುಗಿಯರು ಕ್ರೈಸ್ತರಾದದ್ದೂ ನಿಜ, ಸಂಸ್ಥೆ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯೇ ಆಯಿತು. ಆದರೆ ಕರೆದುಕೊಂಡು ಹೋದ ಆ ಹುಡುಗಿಯರು ಹೋದದ್ದು ಎಲ್ಲಿಗೆ ಎಂಬುದನ್ನೂ ಕೇಳಬೇಕಲ್ಲ. ಅವರಿಗೆ ಇನ್ನೊಂದು ಸದನ ಪುಣೆಯಲ್ಲಿ ಆಗ ಇರಲಿಲ್ಲ. ಅದನ್ನು ಕಟ್ಟಿದವರು ಧೋಂಡೋ ಕೇಶವ ಕರ್ವೆ. ಶಾರದಾ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದುಬಾಯಿಯನ್ನು 1893ರಲ್ಲಿ ಅವರು ಮದುವೆಯಾದರು, ರಮಾಬಾಯಿ ಆ ಮದುವೆಗೆ ಒತ್ತಾಸೆಯಾಗಿ ನಿಂತರು. 1896ರಲ್ಲಿ ಕರ್ವೆಯವರು ಹಿಂದೂ ವಿಧವೆಯರಿಗಾಗಿಯೇ ಆಶ್ರಮ ಆರಂಭಿಸಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದರು, 1958ರಲ್ಲಿ ಭಾರತರತ್ನ ಪಡೆದರು. ಜಗಳವಾಡಿದ ಎರಡು ದಾರಿಗಳೂ ಆ ಒಂದೇ ಮನೆಯಿಂದ ಹೊರಟವು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರಗಾಲ ಬಿತ್ತು. ಹಸಿವಿನಿಂದ ತಂದೆ ತಾಯಿಯನ್ನು ಕಳೆದುಕೊಂಡಿದ್ದ ರಮಾಬಾಯಿ ತಡೆಯಲಾರದೆ ತಾವೇ ಹೊರಟರು. ಗಂಜಿಕೇಂದ್ರಗಳಲ್ಲಿ ಎಳೆಯ ಹುಡುಗಿಯರನ್ನು ಕೊಳ್ಳಲು ಕಾದು ಕೂತಿದ್ದ ದಲ್ಲಾಳಿಗಳನ್ನು ನೋಡಿ, ಸಿಕ್ಕಷ್ಟು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಸುಮಾರು 300 ಜನ. ಪುಣೆಯಲ್ಲಿ ಆಗ ಪ್ಲೇಗು, ಹೊಸಬರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಸೋಲಾಪುರದ ರೈಲುದಾರಿಯಲ್ಲಿ ಕೇಡಗಾಂವ್ ಎಂಬ ಹಳ್ಳಿಯ ಬಳಿ ಅವರು ಮೊದಲೇ 100 ಎಕರೆ ಬಯಲು ಕೊಂಡು ಹಣ್ಣಿನ ತೋಟ ಮಾಡಲು ಹೊರಟಿದ್ದರು. ಅಲ್ಲಿಗೇ ಎಲ್ಲರನ್ನೂ ಸಾಗಿಸಿ, ಬಾವಿ ತೋಡಿಸಿ, ಚಪ್ಪರ ಹಾಕಿಸಿದರು. ಅದು ಮುಕ್ತಿ ಸದನ. 1900ರಲ್ಲಿ ಗುಜರಾತಿನ ಬರಗಾಲವೂ ಸೇರಿ ಅಲ್ಲಿಯ ಜನಸಂಖ್ಯೆ 2,000ದ ಹತ್ತಿರ ಹೋಯಿತು.

ಎರಡು ಸಾವಿರ ಜನರಿಗೆ ದಿನಕ್ಕೆ ಎರಡು ಹೊತ್ತು ಊಟ ಹಾಕುವುದೆಂದರೆ ಏನು ಎಂಬುದು ನಮ್ಮ ಶಾಲೆಯ ಬಿಸಿಯೂಟದ ಅಮ್ಮಂದಿರಿಗೆ ಗೊತ್ತು. ಕೇಡಗಾಂವ್‌ನಲ್ಲಿ ಹೊಲ, ಹೈನು, ಎಣ್ಣೆಗಾಣ, ಮಗ್ಗ, ಹೊಲಿಗೆ, ಬಟ್ಟೆ ಒಗೆಯುವುದು, ಅಚ್ಚುಕೂಟ ಎಲ್ಲವೂ ಇದ್ದವು, ಎಲ್ಲವನ್ನೂ ಹೆಂಗಸರೇ ನಡೆಸಿದರು. ಓದು ಹತ್ತದವರಿಗೆ ಕೈಕೆಲಸ, ಓದು ಬಂದವರಿಗೆ ಶಿಕ್ಷಕಿಯ ತರಬೇತಿ. ಕಷ್ಟಕ್ಕೆ ಸಿಕ್ಕಿ ಕೆಟ್ಟ ಹೆಸರು ಹೊತ್ತ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ, ಅಶಕ್ತರಿಗೆ ಪ್ರೀತಿ ಸದನ. ಕಣ್ಣು ಕಾಣದ ಹುಡುಗಿಯರಿಗೆ ಬ್ರೈಲ್ ಕಲಿಸುವ ವ್ಯವಸ್ಥೆಯೂ ಇತ್ತು, ಅದನ್ನು ನೋಡಿಕೊಂಡವಳು ಮಗಳು ಮನೋರಮಾ.

ತಾಯಿ ಬಿಟ್ಟು ತಿರುಗಿದ ಆ ಮಗು ತಾಯಿಯ ಬಲಗೈಯಾಗಿ ಬೆಳೆದಿದ್ದಳು. ಅಮೆರಿಕದಲ್ಲಿ ಓದುತ್ತಿದ್ದವಳು 1900ರ ಬರಗಾಲದ ಹೊತ್ತಿಗೆ ಹಿಂತಿರುಗಿ, ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಮಾಡಿ, ಶಾರದಾ ಸದನದ ಮುಖ್ಯೋಪಾಧ್ಯಾಯಿನಿಯಾದಳು. 1912ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ನಮ್ಮ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಂತಿ ಸದನ ಎಂಬ ಶಾಲೆಯನ್ನು ತಾಯಿ ಮಗಳು ಆರಂಭಿಸಿದರು. ಘಟ್ಟದ ಕಾಡಿನಿಂದ ಬುಟ್ಟಿಯಲ್ಲಿ ಹೊರಟ ಮಗು 54ನೇ ವರ್ಷದಲ್ಲಿ ಕನ್ನಡದ ನೆಲದಲ್ಲಿ ಒಂದು ಮನೆ ಕಟ್ಟಿದ್ದು ಹೀಗೆ.

ಕೊನೆಯ 18 ವರ್ಷದಷ್ಟು ಕಾಲ ರಮಾಬಾಯಿಯವರನ್ನು ಹಿಡಿದಿಟ್ಟದ್ದು ಬೈಬಲಿನ ಮರಾಠಿ ಅನುವಾದ. ಇದ್ದ ಅನುವಾದದಲ್ಲಿ ಸಂಸ್ಕೃತ ಪದಗಳು ಹೆಚ್ಚು, ಹಳ್ಳಿಯ ಹೆಂಗಸಿಗೆ ಅರ್ಥವಾಗದು ಎಂಬುದು ಅವರ ತಕರಾರು. ಸಂಸ್ಕೃತದಲ್ಲಿ ಬಿರುದು ಪಡೆದವರೇ ಸಂಸ್ಕೃತ ತೆಗೆದು ಆಡುಮಾತಿನ ಮರಾಠಿಗೆ ತರಲು ಕೂತರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಅಚ್ಚುಮೊಳೆ ಜೋಡಿಸುವುದು, ಕರಡು ತಿದ್ದುವುದು, ಮುದ್ರಿಸುವುದು ಎಲ್ಲ ಮುಕ್ತಿಯ ಹೆಂಗಸರದೇ ಕೆಲಸ. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

1921ರ ಜುಲೈಯಲ್ಲಿ ಮನೋರಮಾ ಮೀರಜದಲ್ಲಿ ತೀರಿಕೊಂಡಳು. ಆಗ ಅವಳಿಗೆ 40 ವರ್ಷ. ತಮ್ಮ ನಂತರ ಎಲ್ಲವನ್ನೂ ಅವಳಿಗೆ ಒಪ್ಪಿಸಬೇಕೆಂದಿದ್ದ ತಾಯಿ ಎಂಟು ಒಂಬತ್ತು ತಿಂಗಳು ಉಳಿದರು. ಕಿವಿ ಪೂರ್ತಿ ಹೋಗಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ಆದರೂ ಬೈಬಲಿನ ಉಳಿದ ಕರಡುಗಳನ್ನು ತಿದ್ದುತ್ತಾ ಕೂತರು. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ಕಣ್ಣು ಮುಚ್ಚಿದರು. ಅವರು ಕಲಿಸಿದ ಹೆಂಗಸರು ಮುದ್ರಣ ಪೂರೈಸಿದರು, 1924ರಲ್ಲಿ ಪುಸ್ತಕ ಹೊರಬಂತು. ಕೇಡಗಾಂವ್‌ನ ಮುಕ್ತಿಯಲ್ಲಿ ಇಂದಿಗೂ ಹೆಂಗಸರು, ಮಕ್ಕಳು ಉಳಿದುಕೊಂಡು ಓದುತ್ತಿದ್ದಾರೆ.